ಕಾಡುಕೋಣ, ಕಾಟಿ, ಬೈಸನ್: ಯಾವ ಪ್ರಾಣಿಗೆ ಯಾವ ಹೆಸರು?

ಪದಪ್ರಿಯರಿಗೆ ನಮಸ್ಕಾರ.

ಉಡುಪಿಯ ಶಾಲೆಯೊಂದರ ಗೋಡೆಪತ್ರಿಕೆಗಾಗಿ ಬೈಸನ್ ಬಗ್ಗೆ ಬರೆದ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಅಮೆರಿಕದ ಹುಲ್ಲುಬಯಲಲ್ಲಿ ಕೋಟಿಗಟ್ಟಲೆ ಇದ್ದದ್ದು, ಚರ್ಮದ ಆಸೆಗೆ ಗುಂಡಿಕ್ಕಿ 1880ರ ದಶಕದ ಕೊನೆಗೆ ಸಾವಿರದೊಳಗೆ ಇಳಿದದ್ದು. ಯುರೋಪಿನ ಕಾಡಿನಲ್ಲಿದ್ದ ಕೊನೆಯದನ್ನು 1927ರಲ್ಲಿ ಕಾಕಸಸ್‌ನಲ್ಲಿ ಕೊಂದದ್ದು. ಈಗ ಅಲ್ಲಿರುವುದೆಲ್ಲ ಮೃಗಾಲಯ, ಉದ್ಯಾನಗಳಲ್ಲಿ ಉಳಿದಿದ್ದ ಹನ್ನೆರಡರ ಸಂತತಿ. ಕರಡಿನಲ್ಲಿ ಇದಕ್ಕೆಲ್ಲ ಹಾಕಿರುವ ಪದ 'ಕಾಡುಕೋಣ'.

ಹೆಬ್ರಿಯ ಹುಡುಗನೊಬ್ಬ ಇದನ್ನು ಓದಿದರೆ ಅವನ ಕಣ್ಣಿಗೆ ಬರುವುದು ಸೋಮೇಶ್ವರ, ಕುದುರೆಮುಖ ಕಾಡಿನ ಪ್ರಾಣಿ, ಅಂದರೆ ಕಾಟಿ (ಇಂಗ್ಲಿಷಿನಲ್ಲಿ ಗೌರ್). ಅದು ಬೈಸನ್ ಅಲ್ಲ, ಕೋಣವೂ ಅಲ್ಲ, ದನದ ಕುಲದ್ದು. ಬೇಟೆಗೆ ಬಂದ ಇಂಗ್ಲಿಷರು 'ಇಂಡಿಯನ್ ಬೈಸನ್' ಎಂದರು, ನಮ್ಮ ಪತ್ರಿಕೆಗಳಲ್ಲಿ ಇವತ್ತಿಗೂ ಅದೇ ನಡೆದಿದೆ. ಕಂಬಳದ ಕೋಣವನ್ನು ಹತ್ತಿರದಿಂದ ನೋಡಿದವರಿಗೆ ವ್ಯತ್ಯಾಸ ಹೇಳಬೇಕಿಲ್ಲ: ಕೋಣದ ಕೊಂಬು ಹಿಂದಕ್ಕೆ ಬಾಗಿ ಚಪ್ಪಟೆ, ಇದರದ್ದು ಪಕ್ಕಕ್ಕೆ ಹೋಗಿ ಮೇಲಕ್ಕೆ ತಿರುಗುತ್ತದೆ, ತುದಿ ಮಾತ್ರ ಕಪ್ಪು. ಹೆಗಲಿನಿಂದ ನಡುಬೆನ್ನಿನವರೆಗೆ ಎದ್ದ ಏಣು, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ.

ತೊಡಕು ಇನ್ನೂ ಇದೆ. ನಿಜವಾದ ಕಾಡು ಕೋಣ, ಅಂದರೆ ಎಮ್ಮೆಯ ಕಾಡುಮೂಲ, ಅಸ್ಸಾಮಿನ ಕಾಜಿರಂಗದಲ್ಲಿದೆ; ಅಳಿವಿನಂಚಿನದು. ಅದಕ್ಕೆ ಏನೆನ್ನೋಣ? ಕಾಟಿಗೆ ಮಲಯಾಳದವರು ಹೇಳುವ 'ಕಾಟ್ಟುಪೋತ್ತ್', ತಮಿಳರ 'ಕಾಟ್ಟೆರುಮೈ' ಕೂಡ ಕಾಡಿನ ಕೋಣ, ಕಾಡಿನ ಎಮ್ಮೆ ಎಂಬ ಅರ್ಥದವೇ, ಹಾಗಾಗಿ 'ಕಾಡುಕೋಣ' ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬರಹದಲ್ಲಿ ನಮ್ಮದಕ್ಕೆ 'ಕಾಟಿ' ಎಂದೇ ನಿಲ್ಲಿಸಿ, ಅಮೆರಿಕ ಯುರೋಪಿನವಕ್ಕೆ 'ಬೈಸನ್' ಉಳಿಸಿ, ಅಸ್ಸಾಮಿನದಕ್ಕೆ 'ಕಾಡೆಮ್ಮೆ' ಕೊಡುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಇದು ಬರೀ ನಿಘಂಟಿನ ಚರ್ಚೆಯಲ್ಲ. ಕಾಟಿಯ ಕಷ್ಟದ ಕಥೆ ಬೇರೆಯೇ. 1968ರಲ್ಲಿ ಬಂಡೀಪುರ, ಮುದುಮಲೆ ಕಡೆ ಅವು ರಾಶಿರಾಶಿ ಸತ್ತದ್ದು ದನಗಳಿಗೆ ಬರುವ ದೊಡ್ಡರೋಗದಿಂದ (ರಿಂಡರ್‌ಪೆಸ್ಟ್), ಗುಂಡಿನಿಂದಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯ ರಕ್ಷಣೆ ಇದ್ದರೂ ಇಂದಿಗೂ ಕಾಡು ತುಂಡಾಗುತ್ತಿರುವುದು, ಊರ ಜಾನುವಾರಿನ ರೋಗ ದಾಟುವುದು ಅದಕ್ಕೆ ಕಂಟಕ. ಹೆಸರು ಕಲಸಿದರೆ ಓದುವ ಮಗು ಅಮೆರಿಕದ ಕಥೆಯನ್ನೇ ನಮ್ಮ ಘಟ್ಟಕ್ಕೂ ಅಂಟಿಸಿಕೊಳ್ಳುತ್ತದೆ.

ಕಾರ್ಕಳ, ಬೆಳ್ತಂಗಡಿ, ಕೊಲ್ಲೂರು ಕಡೆಯವರು ತಿಳಿಸಿ: ನಿಮ್ಮ ಮನೆಮಾತಿನಲ್ಲಿ, ತುಳುವಾಗಲಿ ಕುಂದಗನ್ನಡವಾಗಲಿ, ಹಿರಿಯರು ಇದನ್ನು ಏನೆಂದು ಕರೆಯುತ್ತಾರೆ? ಗಂಡು, ಹೆಣ್ಣು, ಕರುವಿಗೆ ಬೇರೆ ಬೇರೆ ಹೆಸರುಂಟೇ?