‘ಸ್ಲ್ಯಾಬ್ ಸೆರಿಫ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮುದ್ರಣದ ಇತಿಹಾಸವನ್ನು ಕುರಿತ ಬರಹವೊಂದನ್ನು ಸಿದ್ಧಪಡಿಸುವಾಗ ‘ಸ್ಲ್ಯಾಬ್ ಸೆರಿಫ್’ ಎಂಬ ಪದದ ಬಳಿ ನನ್ನ ಕೆಲಸ ನಿಂತಿದೆ. ರೋಮನ್ ಅಕ್ಷರದ ಗೆರೆ ಮುಗಿಯುವಲ್ಲಿ ಅಡ್ಡಲಾಗಿ ಚಾಚುವ ಪುಟ್ಟ ತುದಿಯೇ ಸೆರಿಫ್. ಅದು ತೆಳುವಾಗದೆ, ಹೆಚ್ಚುಕಡಿಮೆ ಅಕ್ಷರದ ಕಂಬದಷ್ಟೇ, ಅಂದರೆ ನೆಟ್ಟಗಿನ ಗೆರೆಯಷ್ಟೇ ದಪ್ಪಗಿದ್ದು ಚೌಕಾಕಾರವಾಗಿ ಕಡಿದಂತೆ ಕಂಡರೆ ಸ್ಲ್ಯಾಬ್ ಸೆರಿಫ್ ಆಗುತ್ತದೆ.

ಮೊದಲು ಹೊಳೆಯುವ ಪದ ‘ತಲೆಕಟ್ಟು’. ಇದನ್ನು ಒಪ್ಪುವುದು ಸರಿಯಲ್ಲವೆಂದು ನನ್ನ ಖಚಿತ ಅಭಿಪ್ರಾಯ. ‘ಕ’ ಅಕ್ಷರದ ತಲೆಕಟ್ಟನ್ನು ತೆಗೆದು ಗುಡಿಸು ಕೊಟ್ಟರೆ ‘ಕಿ’ ಆಗುತ್ತದೆ. ಅಂದರೆ ತಲೆಕಟ್ಟು ಓದಿಗೆ ಬೇಕಾದ ಗುರುತೇ ಹೊರತು ಅಲಂಕಾರವಲ್ಲ. ಸೆರಿಫನ್ನು ಪೂರ್ತಿ ಅಳಿಸಿದರೂ ಅಕ್ಷರದ ಉಚ್ಚಾರಣೆ ಬದಲಾಗದು. ಅಲ್ಲದೆ ‘ಬ’, ‘ಲ’, ‘ಜ’ಗಳಿಗೆ ತಲೆಕಟ್ಟೇ ಇಲ್ಲ.

ಸ್ಲ್ಯಾಬ್ ಸೆರಿಫ್ ಇರುವ ಅಚ್ಚುಮೊಳೆಗಳು 1810ರ ದಶಕದಲ್ಲಿ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಅವರ ಎರಕದ ಮನೆಯಿಂದ ‘ಆಂಟೀಕ್’ ಎಂಬ ಹೆಸರಿನಲ್ಲಿ ಹೊರಬಂದವು. ನೆಪೋಲಿಯನ್ನನ ದಂಡಯಾತ್ರೆಯ ನಂತರ ಈಜಿಪ್ಟಿನ ಮೋಹ ಯುರೋಪಿನಲ್ಲಿ ಹಬ್ಬಿದ್ದ ಕಾಲವದು. ಹಾಗಾಗಿ ‘ಈಜಿಪ್ಟಿಯನ್’ ಎಂಬ ಹೆಸರೂ ಇವಕ್ಕೆ ಅಂಟಿಕೊಂಡಿತು. 1816ರಲ್ಲಿ ಕ್ಯಾಸ್ಲನ್ ಮನೆತನದವರು ಸೆರಿಫೇ ಇಲ್ಲದ ಅಕ್ಷರವನ್ನೂ ಅದೇ ಹೆಸರಿನಿಂದ ಕರೆದಿದ್ದರು. ಆದ್ದರಿಂದ ಈ ಹೆಸರು ಸ್ಲ್ಯಾಬ್ ಸೆರಿಫನ್ನಷ್ಟೇ ಸೂಚಿಸದು; ಮೇಲಾಗಿ ಇದನ್ನು ‘ಈಜಿಪ್ಟಿನ ಅಕ್ಷರ’ ಎಂದರೆ ಓದುಗರು ಚಿತ್ರಲಿಪಿಯನ್ನು ನೆನೆದಾರು. 1845ರಲ್ಲಿ ರಾಬರ್ಟ್ ಬೆಸ್ಲಿ ಹೊರತಂದ ‘ಕ್ಲಾರೆಂಡನ್’ ಎಂಬ ಅಕ್ಷರಶೈಲಿಯಲ್ಲಿ ಕಂಬವೂ ತುದಿಯೂ ಕೂಡುವ ಮೂಲೆ ನಯವಾಗಿ ಬಾಗಿದ್ದರೂ ತುದಿಯ ದಪ್ಪ ಉಳಿದಿದೆ; ನಾವು ಆರಿಸುವ ಪದ ಅದನ್ನೂ ಒಳಗೊಳ್ಳಬೇಕು.

ಇಂಥ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ‘ಡಿಸ್‌ಪ್ಲೇ’ ಅಕ್ಷರ ಎನ್ನುವುದುಂಟು; ಅದಕ್ಕೆ ‘ಪ್ರದರ್ಶನ’ ಎಂದು ಬರೆಯುವುದೂ ಹೊಂದುವುದಿಲ್ಲ. ಇವು ಭಿತ್ತಿಪತ್ರ, ಅಂಗಡಿಯ ಫಲಕ, ಪತ್ರಿಕೆಯ ಶೀರ್ಷಿಕೆಗಳಲ್ಲಿ ದೂರದಿಂದ ಕಣ್ಣು ಹಿಡಿಯಬೇಕಾದ ಅಕ್ಷರಗಳಾದ ಕಾರಣ ‘ತಲೆಬರಹದ ಅಕ್ಷರ’ ಎಂದರೆ ಸಾಕು.

1938ರಲ್ಲಿ ರಾಬರ್ಟ್ ಹಾರ್ಲಿಂಗ್ ರೂಪಿಸಿದ ‘ಪ್ಲೇಬಿಲ್’ ಎಂಬ ಅಕ್ಷರಶೈಲಿ ನನ್ನ ಮುಂದಿದೆ. ಅದರ ಇಂಗ್ಲಿಷಿನ ದೊಡ್ಡ ‘I’ ಅಕ್ಷರದಲ್ಲಿ ಇಕ್ಕಟ್ಟಾದ ಕಂಬಕ್ಕಿಂತ ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳೇ ದಪ್ಪ. ನೋಡಿದೊಡನೆ ನನಗೆ ತೊಟ್ಟಿಮನೆಯ ಕಂಬದ ಮೇಲೆ ತೊಲೆಯನ್ನು ಹೊತ್ತ ಬೋದಿಗೆ ನೆನಪಾಯಿತು. ‘ಬೋದಿಗೆಯಕ್ಷರ’ ಎಂಬ ಮಾತು ಕಿವಿಗೆ ಬಹಳ ಹಿತವಾಗಿದೆ, ಆದರೆ ಬೋದಿಗೆ ಇರುವುದು ಕಂಬದ ನೆತ್ತಿಯಲ್ಲಿ ಮಾತ್ರ. ಸೆರಿಫ್ ಬುಡದಲ್ಲೂ ಇರುತ್ತದೆ. ‘ಪಾದ’ ಎಂದರೆ ನೆತ್ತಿ ಬಿಟ್ಟುಹೋಗುತ್ತದೆ. ಎರಡೂ ಕಡೆಗೆ ಸಲ್ಲುವ ಪದ ‘ತುದಿ’. ಕಲ್ಲಿನ ದಪ್ಪ, ಚಪ್ಪಟೆತನ, ನೇರ ಅಂಚು ಮೂರನ್ನೂ ‘ಚಪ್ಪಡಿ’ ಹೇಳುತ್ತದೆ. ಹೀಗಾಗಿ ಸೆರಿಫ್‌ಗೆ ‘ತುದಿಪಟ್ಟಿ’, ಸ್ಲ್ಯಾಬ್ ಸೆರಿಫ್‌ಗೆ ‘ಚಪ್ಪಡಿತುದಿ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ ಹಿರಿಯರು ಇಂಥ ಅಕ್ಷರವನ್ನು ಬಾಯಿಮಾತಿನಲ್ಲಿ ಏನೆಂದು ಕರೆಯುತ್ತಿದ್ದರು? ಬಳಕೆಯಲ್ಲಿದ್ದ ಪದವೊಂದು ಸಿಕ್ಕರೆ ನಾನು ಕಟ್ಟಿದ್ದನ್ನು ಕೂಡಲೇ ಕೈಬಿಡುತ್ತೇನೆ. ‘ಚಪ್ಪಡಿತುದಿ’ಯನ್ನು ಓದಿದಾಗ ಅಕ್ಷರದ ಆಕಾರ ಕಣ್ಣಿಗೆ ಬರುತ್ತದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.