ಐಕಿಡೊ ಕ್ಲಬ್ಬಿಗೆ ಸೇರುವ ಮುನ್ನ ಏನೇನು ವಿಚಾರಿಸಿಕೊಳ್ಳಬೇಕು?

ಪ್ರಶ್ನೆ – ಕುವೆಂಪುನಗರದ ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದಲ್ಲಿ ವಾಸವಾಗಿದ್ದೇನೆ. ವಯಸ್ಸು 41. ಬ್ಯಾಂಕಿನಲ್ಲಿ ದಿನವಿಡೀ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ನಮ್ಮ ಮನೆಯಿಂದ ಎರಡು ಬೀದಿ ಆಚೆಗಿರುವ ಸಭಾಂಗಣವೊಂದರಲ್ಲಿ ವಾರಕ್ಕೆ ಎರಡು ಸಂಜೆ ಐಕಿಡೊ ಎಂಬ ಜಪಾನಿ ಸಮರಕಲೆಯ ತರಗತಿ ನಡೆಯುತ್ತಿದೆಯೆಂದು ತಿಳಿದು, ನಾನೂ 12 ವರ್ಷದ ನನ್ನ ಮಗಳೂ ಜೊತೆಯಾಗಿ ಸೇರಿಕೊಂಡರೆ ಹೇಗೆ ಎಂದು ಯೋಚಿಸುತ್ತಿದ್ದೇವೆ. ಕಾಲೇಜಿನ ದಿನಗಳಲ್ಲಿ ಸ್ವಲ್ಪ ಬ್ಯಾಡ್ಮಿಂಟನ್ ಆಡಿದ್ದನ್ನು ಬಿಟ್ಟರೆ ನನಗೆ ಆಟೋಟದ ಅಭ್ಯಾಸವಿಲ್ಲ; ಬಲಗಾಲಿನ ಮಂಡಿ ಮೆಟ್ಟಿಲು ಹತ್ತುವಾಗ ಆಗಾಗ ನೋಯುತ್ತದೆ. ಈ ವಿಷಯ ಪ್ರಸ್ತಾಪಿಸಿದ ಕೂಡಲೇ ಮನೆಯವಳು, "ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದಳು. ಸೇರುವುದಕ್ಕೆ ಮೊದಲೇ ಸಮವಸ್ತ್ರ ಕೊಳ್ಳಬೇಕೆ, ಕರಾಟೆಯಲ್ಲಿರುವಂತೆ ಇಲ್ಲಿಯೂ ಸ್ಪರ್ಧೆಗಳಿರುತ್ತವೆಯೆ, ಮಗಳಿಗೆ ಆತ್ಮರಕ್ಷಣೆಗೆ ಇದು ನಿಜವಾಗಿಯೂ ಒದಗುತ್ತದೆಯೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ – ಬಿಳಿ ಪಟ್ಟಿ

ಸರ್, ನಿಮ್ಮ ಮನೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಅದನ್ನು ನಗೆಯಾಡಿ ತಳ್ಳಿಹಾಕಬೇಡಿ. ಐಕಿಡೊದಲ್ಲಿ ಹೊಸಬರು ಮೊದಲು ಕಲಿಯಬೇಕಾದದ್ದು ಇನ್ನೊಬ್ಬರನ್ನು ಬೀಳಿಸುವುದನ್ನಲ್ಲ, ತಾವು ಬೀಳುವುದನ್ನು. ಇದಕ್ಕೆ ಉಕೆಮಿ ಎನ್ನುತ್ತಾರೆ. ಅಭ್ಯಾಸವೆಲ್ಲ ಜೋಡಿಯಲ್ಲಿ ನಡೆಯುತ್ತದೆ. ಕೈ ಹಿಡಿಯಲು ಅಥವಾ ಹೊಡೆಯಲು ಬರುವವನನ್ನು ಉಕೆ ಎಂದೂ ಪಟ್ಟು ಹಾಕುವವನನ್ನು ನಾಗೆ ಅಥವಾ ತೋರಿ ಎಂದೂ ಕರೆಯುತ್ತಾರೆ. ಸಾಮಾನ್ಯವಾಗಿ ಒಬ್ಬರು ನಾಲ್ಕು ಸಲ ಮಾಡಿದ ಮೇಲೆ ಇನ್ನೊಬ್ಬರ ಸರದಿ ಬರುತ್ತದೆ. ಅಂದರೆ ತರಗತಿಯ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ನೀವು ಬಿದ್ದು ಏಳುತ್ತಲೇ ಇರುತ್ತೀರಿ. ಬೀಳುವುದು ಬಾರದವನಿಗೆ ಅಷ್ಟು ಹೊತ್ತೂ ಭಯ. ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ಪೆಟ್ಟು ಹೆಚ್ಚು.

ಮುಂದಕ್ಕೆ ಉರುಳುವುದೆಂದರೆ ಚಿಕ್ಕಂದಿನಲ್ಲಿ ಹುಲ್ಲಿನ ಮೆದೆಯ ಪಕ್ಕ ನಾವು ಹೊಡೆಯುತ್ತಿದ್ದ ಲಾಗವಲ್ಲ. ಲಾಗದಲ್ಲಿ ತಲೆ ನೆಲಕ್ಕೆ ತಾಗುತ್ತದೆ, ಬೆನ್ನುಮೂಳೆಯ ಮೇಲೆಯೇ ನೇರವಾಗಿ ಹೊರಳುತ್ತೇವೆ. ಇಲ್ಲಿ ತಲೆ ತಾಗಲೇಕೂಡದು. ಮೈಯ ಭಾರವು ಕೈಯ ಅಂಚಿನಿಂದ ಭುಜಕ್ಕೆ, ಅಲ್ಲಿಂದ ಬೆನ್ನನ್ನು ಓರೆಯಾಗಿ ದಾಟಿ ಎದುರು ಬದಿಯ ಸೊಂಟಕ್ಕೆ ಸಾಗಬೇಕು. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಯ ಕಡೆಗೆ ಒತ್ತಿಕೊಂಡು, ಮೊದಲು ತಗ್ಗಿ ಕುಳಿತು, ಬೆನ್ನನ್ನು ಗುಂಡಗೆ ಮಾಡಿ ಉರುಳಬೇಕು. ನನಗೆ ಇದು ಭಯವಿಲ್ಲದೆ ಬಂದದ್ದು ಸುಮಾರು ಮೂರು ತಿಂಗಳಿಗೆ. ಎಡಭುಜದ ಮೇಲಿನ ಉರುಳು ಇಂದಿಗೂ ಅಷ್ಟು ನಯವಾಗಿಲ್ಲ.

ಹಣ ಕೊಡುವ ಮುನ್ನ ಒಂದು ಪೂರ್ಣ ತರಗತಿಯನ್ನು ಪಕ್ಕದಲ್ಲಿ ಕುಳಿತು ನೋಡಿ. ಗುರುಗಳು ಎಷ್ಟು ಚೆನ್ನಾಗಿ ಎಸೆಯುತ್ತಾರೆ ಎಂಬುದರ ಕಡೆಗೆ ಗಮನ ಕೊಡಬೇಡಿ. ಆ ಕೋಣೆಯಲ್ಲಿರುವ ಅತ್ಯಂತ ಹೊಸಬ ಯಾರೆಂದು ಗುರುತಿಸಿ, ಅವನನ್ನು ಯಾರ ಜೊತೆ ಜೋಡಿ ಮಾಡುತ್ತಾರೆ, ಅವನು ತಡವರಿಸಿದಾಗ ಜೊತೆಗಾರ ವೇಗ ತಗ್ಗಿಸುತ್ತಾನೆಯೆ ಎಂಬುದನ್ನು ನೋಡಿ. ಕೀಲು ತಿರುಚುವ ಪಟ್ಟುಗಳಲ್ಲಿ ನೋವು ಶುರುವಾಗುತ್ತಿದ್ದಂತೆ ಹಾಸನ್ನೋ ತನ್ನ ತೊಡೆಯನ್ನೋ ಅಂಗೈಯಿಂದ ತಟ್ಟುವುದು ವಾಡಿಕೆ. ತಟ್ಟಿದ ತಕ್ಷಣ ಬಿಡಬೇಕು. ತಟ್ಟಿದ ಮೇಲೂ ಇನ್ನಷ್ಟು ಒತ್ತುವವರಿರುವ ಮತ್ತು ಅದನ್ನು ಕಂಡೂ ಗುರುಗಳು ಸುಮ್ಮನಿರುವ ಜಾಗದಿಂದ ಎದ್ದು ಬನ್ನಿ. ನೆಲವನ್ನೂ ನೋಡಿಕೊಳ್ಳಿ: ಮೊಸಾಯಿಕ್ ನೆಲದ ಮೇಲೆ ಬರಿಯ ಜಮಖಾನ ಹಾಸಿರುವಲ್ಲಿ ಉರುಳುವುದನ್ನು ಕಲಿಯಲಾಗದು.

ಸಮವಸ್ತ್ರಕ್ಕೆ ಅವಸರವಿಲ್ಲ. ಮೊದಲ ಕೆಲವು ವಾರ ಉದ್ದ ತೋಳಿನ ಟೀ ಶರ್ಟು, ಮಂಡಿ ಮುಚ್ಚುವ ಸಡಿಲವಾದ ಪ್ಯಾಂಟು ಸಾಕು. ಕೊಳ್ಳುವಾಗ ಜೂಡೊದವರು ತೊಡುವ ದಪ್ಪ ನೇಯ್ಗೆಯ ಉಡುಪನ್ನೇ ಕೊಳ್ಳಿ. ಕರಾಟೆಯದು ತೆಳು, ಹಿಡಿದು ಎಳೆಯುವ ಅಭ್ಯಾಸದಲ್ಲಿ ಭುಜದ ಬಳಿ ಹರಿಯುತ್ತದೆ. ಹಿರಿಯರು ತೊಟ್ಟಿರುವ, ಪಂಚೆಯಂತೆ ಕಾಣುವ ಅಗಲವಾದ ನೆರಿಗೆಯ ಉಡುಪಿಗೆ ಹಕಾಮ ಎನ್ನುತ್ತಾರೆ. ಅದರ ಯೋಚನೆ ನಿಮಗೆ ಸದ್ಯಕ್ಕೆ ಬೇಡ.

ಉತ್ತರ – ಗರಡಿ ಮೊಮ್ಮಗ

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ನಮ್ಮ ತಾತ ಗರಡಿಯಲ್ಲಿ ಸಾಮು ಮಾಡಿದವರು. ನಾನೂ ಕೆಲವು ವರ್ಷ ಮಟ್ಟಿಯ ಕೆಂಪು ಮಣ್ಣಿನಲ್ಲಿ ಹೊರಳಾಡಿ ಆನಂತರ ಐಕಿಡೊಗೆ ಹೋದವನು. ಆದ್ದರಿಂದ ನಿಮ್ಮ ಕಡೆಯ ಎರಡು ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ.

ಈ ವಿದ್ಯೆಯನ್ನು ರೂಪಿಸಿದವರು ಜಪಾನಿನ ಮೊರಿಹೇಯಿ ಉಯೆಶಿಬಾ (1883–1969). ಅವರು ತಕೇಡಾ ಸೊಕಾಕು ಎಂಬ ಗುರುವಿನಿಂದ ದೈತೊ-ರ‍್ಯೂ ಎಂಬ ಹಳೆಯ ಕೈಪಟ್ಟುಗಳ ವಿದ್ಯೆಯನ್ನು ಕಲಿತು, ಅದನ್ನು ತಮ್ಮದೇ ದಾರಿಯಲ್ಲಿ ಬೆಳೆಸಿದರು. ಐಕಿಡೊ ಎಂಬ ಹೆಸರು ಅಧಿಕೃತವಾಗಿ ನೆಲೆಗೊಂಡದ್ದು 1942ರಲ್ಲಿ. ಉಯೆಶಿಬಾ ಮನೆತನವೇ ಮುನ್ನಡೆಸುತ್ತಿರುವ, ಟೋಕಿಯೊದಲ್ಲಿ ಮುಖ್ಯ ಕೇಂದ್ರವುಳ್ಳ ಐಕಿಕಾಯಿ ಪರಂಪರೆಯಲ್ಲಿ ಸ್ಪರ್ಧೆಯಿಲ್ಲ. ಅವರ ಶಿಷ್ಯರಲ್ಲಿ ಒಬ್ಬರಾದ ಕೆಂಜಿ ತೊಮಿಕಿಯವರು ಜೂಡೊದಲ್ಲಿಯೂ ಪಳಗಿದವರಾದ್ದರಿಂದ ತಮ್ಮ ಶಾಖೆಯಲ್ಲಿ ಸ್ಪರ್ಧೆಯನ್ನು ತಂದರು. ಇನ್ನೊಬ್ಬ ಶಿಷ್ಯ ಗೊಜೊ ಶಿಯೊದಾ ಅವರ ಯೊಶಿಂಕಾನ್ ಶಾಖೆ ಕಟ್ಟುನಿಟ್ಟಿನ ಅಭ್ಯಾಸಕ್ಕೆ ಹೆಸರಾದದ್ದು. ಹಾಗಾಗಿ ನಿಮ್ಮ ಬೀದಿಯ ಕ್ಲಬ್ಬಿನವರನ್ನು "ನೀವು ಯಾವ ಪರಂಪರೆಯವರು, ನಿಮಗೆ ದರ್ಜೆ ಕೊಡುವವರು ಯಾರು?" ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಆತ್ಮರಕ್ಷಣೆಯ ವಿಷಯದಲ್ಲಿ ಸ್ವಲ್ಪ ಕಠೋರವಾಗಿ ಹೇಳುತ್ತೇನೆ. ಗರಡಿಯಲ್ಲಿ ಎದುರಾಳಿ ನಿಮ್ಮ ಪಟ್ಟನ್ನು ತಪ್ಪಿಸಲೆಂದೇ ಇರುತ್ತಾನೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಂತೂ ಒಬ್ಬ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಐಕಿಡೊದ ಸಾಮಾನ್ಯ ತರಗತಿಯಲ್ಲಿ ಇದಕ್ಕೆ ವಿರುದ್ಧ: ಯಾವ ಹಿಡಿತ ಬರುತ್ತದೆ, ಯಾವ ಪಟ್ಟು ಬೀಳುತ್ತದೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಕೀಲುಗಳನ್ನು ಕಾಪಾಡಿಕೊಂಡು ಕಲಿಯಲು ಅದು ಬೇಕು, ಆದರೆ ಅಷ್ಟರಿಂದಲೇ ಬೀದಿಯ ಜಗಳ ಗೆಲ್ಲಬಹುದೆಂದು ಹೇಳುವವರನ್ನು ನಂಬಬೇಡಿ. ಆರು ತಿಂಗಳ ನಂತರ ನಿಮ್ಮ ಮಗಳಿಗೆ ದಕ್ಕುವುದು ಬೇರೆ: ಯಾರಾದರೂ ಕೈ ಹಿಡಿದರೆ ಗಾಬರಿಯಿಂದ ಎಳೆದಾಡದೆ ಪಕ್ಕಕ್ಕೆ ಸರಿಯುವುದು, ಅಂತರ ಕಾಯ್ದುಕೊಳ್ಳುವುದು, ಎಡವಿದಾಗ ಮುಖ ಕೊಟ್ಟು ಬೀಳದಿರುವುದು. ನನ್ನ ಮಟ್ಟಿಗೆ ಈ ಕಡೆಯದೇ ಹೆಚ್ಚು ಬೆಲೆಯುಳ್ಳದ್ದು. ಕಳೆದ ಮಳೆಗಾಲದಲ್ಲಿ ಸ್ಕೂಟರ್ ಜಾರಿದಾಗ ನನ್ನನ್ನು ಕಾಪಾಡಿದ್ದು ಯಾವ ಪಟ್ಟೂ ಅಲ್ಲ, ಭುಜದ ಮೇಲಿನ ಆ ಉರುಳು.

ಉತ್ತರ – ಮಂಡ್ಯದಿಂದ ಓಡಾಡುವವಳು

ನಾನು ಮಂಡ್ಯದಿಂದ ಸಂಜೆಯ ರೈಲಿನಲ್ಲಿ ಮೈಸೂರಿಗೆ ಬಂದು ಅಭ್ಯಾಸ ಮಾಡುವವಳು. ನಿಮ್ಮ ಮಂಡಿಯ ನೋವನ್ನು ಮೇಲಿನ ಇಬ್ಬರೂ ಮುಟ್ಟಲಿಲ್ಲ. ತರಗತಿಯ ಆರಂಭದಲ್ಲಿಯೂ ಕೊನೆಯಲ್ಲಿಯೂ ಸೇಜಾ ಎಂಬ ಭಂಗಿಯಲ್ಲಿ ಕುಳಿತು ನಮಸ್ಕರಿಸುತ್ತಾರೆ; ಅದು ನಮ್ಮ ವಜ್ರಾಸನವೇ. ಅದರಲ್ಲಿ ಎರಡು ನಿಮಿಷ ಕೂರಲು ನಿಮಗೆ ಆಗುತ್ತದೆಯೆ ಎಂದು ಇವತ್ತೇ ಮನೆಯಲ್ಲಿ ಪರೀಕ್ಷಿಸಿ. ಆಗದಿದ್ದರೆ ಚಕ್ಕಂಬಕ್ಕಲ ಹಾಕಿ ಕೂರುತ್ತೇನೆಂದು ಮೊದಲ ದಿನವೇ ಗುರುಗಳಿಗೆ ತಿಳಿಸಿ, ಅದರಲ್ಲಿ ಅಗೌರವವೇನೂ ಇಲ್ಲ. ಮಂಡಿಯ ಮೇಲೆಯೇ ನಡೆಯುವ ಶಿಕ್ಕೊ ಎಂಬ ಅಭ್ಯಾಸವೂ ಇದೆ. ಅದನ್ನು ವೈದ್ಯರನ್ನು ಕೇಳದೆ ಮಾಡಬೇಡಿ.

ನನ್ನದೇ ಒಂದು ಅನುಭವ ಹೇಳುತ್ತೇನೆ, ಆ ಜಾಗದ ಹೆಸರು ಬೇಡ. ನಾನು ಮೊದಲು ಸೇರಿದ ಕಡೆ, ಎರಡನೆಯ ವಾರದಲ್ಲಿಯೇ ಹಿರಿಯ ವಿದ್ಯಾರ್ಥಿಯೊಬ್ಬರು ನನ್ನ ಮೇಲೆ ಶಿಹೊನಾಗೆ ಎಂಬ ಎಸೆತವನ್ನು ಪೂರ್ಣ ವೇಗದಲ್ಲಿ ಹಾಕಿದರು. ಅದರಲ್ಲಿ ಬೀಳುವವರ ಕೈ ಅವರದೇ ಭುಜದ ಹಿಂದಕ್ಕೆ ಮಡಚಿರುತ್ತದೆ. ಎಸೆಯುವವರು ಕೈ ಬಿಗಿಹಿಡಿದು ಕೆಳಕ್ಕೆ ಸೆಳೆದರೆ ಹಿಂದಲೆ ನೇರವಾಗಿ ನೆಲಕ್ಕೆ ಬಡಿಯುತ್ತದೆ. ನನಗೆ ಆದದ್ದೂ ಅದೇ. ತಲೆಸುತ್ತು ಬಂದು ಪಕ್ಕಕ್ಕೆ ಕುಳಿತಾಗ "ಅಭ್ಯಾಸವಾಗುತ್ತದೆ, ಏಳಿ" ಎಂದರೇ ಹೊರತು ಯಾರೂ ಆಸ್ಪತ್ರೆಯ ಮಾತೆತ್ತಲಿಲ್ಲ. ಮರುದಿನ ನಾನೇ ವೈದ್ಯರ ಬಳಿ ಹೋದೆ, ಆ ಕಡೆಗೆ ಮತ್ತೆ ಹೋಗಲಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಕು ಕಂಡುಬಂದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು. ಈಗಿರುವ ಕಡೆ ಹಿಂದಕ್ಕೆ ಉರುಳುವುದು ಗಟ್ಟಿಯಾಗುವವರೆಗೆ ಆ ಎಸೆತವನ್ನು ಹೊಸಬರ ಮೇಲೆ ಅರ್ಧಕ್ಕೇ ನಿಲ್ಲಿಸುತ್ತಾರೆ.

ಮಗಳಿಗೆ ಮಕ್ಕಳ ತರಗತಿ ಬೇರೆಯಾಗಿ ಇದೆಯೆ ಎಂದು ಕೇಳಿ. ನಿಕ್ಯೊ, ಸಂಕ್ಯೊ, ಕೊತೆಗಾಯೆಶಿ ಮುಂತಾದವು ಮಣಿಕಟ್ಟನ್ನು ತಿರುಚುವ ಪಟ್ಟುಗಳು. ಬೆಳೆಯುವ ಮೂಳೆಗಳ ಮೇಲೆ ಅವನ್ನು ದೊಡ್ಡವರಿಗೆ ಹಾಕಿದಂತೆ ಹಾಕಬಾರದು. ಉಗುರು ಕತ್ತರಿಸಿಕೊಂಡು ಹೋಗಿ. ಉಂಗುರ, ಕಡಗ, ವಾಚು ತೆಗೆದಿಡಿ. ಹೆಂಗಸರು ಯಾರಾದರೂ ಓದುತ್ತಿದ್ದರೆ: ಬಳೆ, ಕಾಲುಂಗುರ, ಓಲೆಗಳ ಜೊತೆಗೆ ತಾಳಿಯ ಸರವನ್ನೂ ಕಳಚಿಡುವುದು ಒಳ್ಳೆಯದು. ನಾನು ಅದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಚೀಲದೊಳಗಿಡುತ್ತೇನೆ. ನಮ್ಮತ್ತೆಯವರಿಗೆ ಇದು ಇನ್ನೂ ಗೊತ್ತಿಲ್ಲ.

ಮರುಪ್ರಶ್ನೆ – ಕುವೆಂಪುನಗರದ ಹೊಸಬ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಮಗಳೊಂದಿಗೆ ಹೋಗಿ ಪೂರ್ಣ ತರಗತಿ ನೋಡಿದೆವು. ಹೊಸದಾಗಿ ಸೇರಿದ್ದ ಒಬ್ಬ ಹುಡುಗನನ್ನು ಹಿರಿಯ ಮಹಿಳೆಯೊಬ್ಬರು ಮೂಲೆಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ ಬರಿಯ ಉರುಳನ್ನೇ ಮಾಡಿಸಿದರು. ತಟ್ಟಿದ ಕೂಡಲೇ ಎಲ್ಲರೂ ಬಿಡುತ್ತಿದ್ದರು. ವಜ್ರಾಸನ ನನ್ನಿಂದ ಒಂದು ನಿಮಿಷ ಮಾತ್ರ ಸಾಧ್ಯವಾಯಿತು. ಒಂದೇ ಸಂದೇಹ ಉಳಿದಿದೆ: ಕಪ್ಪು ಪಟ್ಟಿ ಒಂದು ವರ್ಷದಲ್ಲಿ ಸಿಗುತ್ತದೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ನಿಜವೆ?

ಉತ್ತರ – ಬಿಳಿ ಪಟ್ಟಿ

ಸರ್, ಲೆಕ್ಕ ಹಾಕಿ ನೋಡಿ. ಐಕಿಕಾಯಿಯ ಮುಖ್ಯ ಕೇಂದ್ರದ ನಿಯಮದಂತೆ 5ನೇ ಕ್ಯೂ ದರ್ಜೆಯ ಪರೀಕ್ಷೆಗೆ ಕನಿಷ್ಠ 30 ದಿನಗಳ ಅಭ್ಯಾಸ ಬೇಕು (ಕ್ಯೂ ಎಂದರೆ ಕಪ್ಪು ಪಟ್ಟಿಗೆ ಮುಂಚಿನ ದರ್ಜೆ; ಎಣಿಕೆ 5ರಿಂದ 1ಕ್ಕೆ ಇಳಿಯುತ್ತದೆ). ಮುಂದಿನ ಒಂದೊಂದು ದರ್ಜೆಗೂ ಹಿಂದಿನದಾದ ಮೇಲೆ 40, 50, 50, 60 ದಿನಗಳು, ಕೊನೆಗೆ ಶೊದಾನ್ ಎಂಬ ಮೊದಲ ಕಪ್ಪು ಪಟ್ಟಿಗೆ 70 ದಿನಗಳು, ಒಟ್ಟು 300. ಅಲ್ಲಿ ದಿನವೆಂದರೆ ಹಾಸಿನ ಮೇಲೆ ಕಳೆದ ದಿನ, ಪಂಚಾಂಗದ ದಿನವಲ್ಲ. ವಾರಕ್ಕೆ ಎರಡು ತರಗತಿಯಾದರೆ, ದಸರೆ, ದೀಪಾವಳಿ, ಮದುವೆ, ಜ್ವರ ಯಾವುದಕ್ಕೂ ತಪ್ಪಿಸದಿದ್ದರೂ ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ. ವಾಸ್ತವದಲ್ಲಿ ಐದಾರು ವರ್ಷ ಹಿಡಿಯುತ್ತದೆ, ನನಗೆ ಎಂಟು ವರ್ಷವಾದರೂ ಬಂದಿಲ್ಲ. ಶೊದಾನಿಗೆ ವಯಸ್ಸು 15 ತುಂಬಿರಬೇಕೆಂಬ ನಿಯಮವೂ ಇರುವುದರಿಂದ ನಿಮ್ಮ ಮಗಳಿಗೆ ಹೇಗೂ ಅವಸರವಿಲ್ಲ. ಪರೀಕ್ಷೆಯ ಮತ್ತು ಪ್ರಮಾಣಪತ್ರದ ಶುಲ್ಕ ತಿಂಗಳ ಶುಲ್ಕದಲ್ಲಿ ಸೇರಿದೆಯೋ ಬೇರೆಯೋ ಎಂಬುದನ್ನು ಈಗಲೇ ಕೇಳಿಟ್ಟುಕೊಳ್ಳಿ.

ಮೊದಲ ದಿನ ತರಗತಿಗೆ ಹೋಗುವಾಗ ಇಬ್ಬರೂ ಸುಲಭವಾಗಿ ಬಿಚ್ಚಬಹುದಾದ ಚಪ್ಪಲಿ ಹಾಕಿಕೊಂಡು ಹೋಗಿ. ಅದನ್ನು ಹಾಸಿನ ಅಂಚಿನ ತನಕ ಮೆಟ್ಟಿಕೊಂಡು ಹೋಗಿ ಅಲ್ಲಿ ಬಿಡಬೇಕು; ಬರಿಗಾಲಲ್ಲಿ ಶೌಚಾಲಯಕ್ಕೆ ಹೋಗಿ ಬಂದು ಹಾಸನ್ನು ತುಳಿದರೆ ಆ ಹಿರಿಯ ಮಹಿಳೆಯೇ ನಿಮ್ಮನ್ನು ಮೊದಲು ಗದರುತ್ತಾರೆ.