ಡೊಬುಟಮಿನ್ ಎಕೋ ಮಾಡಿಸುವವರು ಅನುಭವ ತಿಳಿಸಿ

ಮೆಡಿಸಿನ್ ಪಿಜಿ: ರೋಗಿಗೆ 62 ವರ್ಷ, 60 ಕೆಜಿ. ಹಳೆಯ ಹೃದಯಾಘಾತ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಪಾಲು) ಶೇ. 30, ಎಲ್‌ಎಡಿ (ಹೃದಯದ ಮುಂಭಾಗದ ರಕ್ತನಾಳ) ಪೂರ್ತಿ ಬ್ಲಾಕ್, ಮುಂಭಾಗದ ಗೋಡೆ ಅಲುಗುತ್ತಿಲ್ಲ. ಬೈಪಾಸ್‌ಗೆ ಮೊದಲು ಸ್ನಾಯು ಜೀವಂತ ಇದೆಯೇ ಎಂದು ಡೊಬುಟಮಿನ್ ಎಕೋದಲ್ಲಿ (ಹೃದಯದ ಸಂಕೋಚನ ಹೆಚ್ಚಿಸುವ ಔಷಧಿಯನ್ನು ಹಂತಹಂತವಾಗಿ ಏರಿಸುತ್ತಾ ಮಾಡುವ ಸ್ಕ್ಯಾನ್) ನೋಡಬೇಕು. ಬಡಿತ ತಗ್ಗಿಸುವ ಮಾತ್ರೆ ಮೆಟೊಪ್ರೊಲಾಲ್ ನಿಲ್ಲಿಸಿ ಮಾಡುತ್ತೀರೋ, ಹಾಗೆಯೇ ಮಾಡುತ್ತೀರೋ?

ಎಕೋ ಟೆಕ್ನಿಷಿಯನ್: ಮಾತ್ರೆ ಆಮೇಲಾಯಿತು, ಮೊದಲು ಲೈನ್ (ಔಷಧಿ ಹೋಗುವ ಟ್ಯೂಬ್) ನೋಡಿ. ಎಲ್ಲರೂ ಐಸಿಯು ಅಭ್ಯಾಸದಂತೆ 250 ಮಿಗ್ರಾಂ ಡೊಬುಟಮಿನ್ ಅನ್ನು 50 ಎಂಎಲ್‌ಗೆ ಹಾಕುತ್ತಾರೆ. 60 ಕೆಜಿಗೆ 5ರ ಡೋಸ್ (ಪ್ರತಿ ಕೆಜಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ) ಎಂದರೆ ಗಂಟೆಗೆ 3.6 ಎಂಎಲ್, ಒಂದು ಹಂತದ ಮೂರು ನಿಮಿಷಕ್ಕೆ ಹೋಗುವುದು ಬರೀ 0.18 ಎಂಎಲ್. ಎಕ್ಸ್‌ಟೆನ್ಷನ್ ಟ್ಯೂಬ್‌ನಲ್ಲಿ 1 ಎಂಎಲ್ ಸಲೈನ್ ನಿಂತಿದ್ದರೆ 5 ಮುಗಿದು, 10 ಮುಗಿದು, ಪಂಪ್ 20 ತೋರಿಸುವಾಗ ಮೊದಲ ಹನಿ ರಕ್ತ ಸೇರುತ್ತದೆ, ಅದೂ ನೇರವಾಗಿ 20ರ ವೇಗದಲ್ಲಿ. ಕಡಿಮೆ ಡೋಸ್ ರೋಗಿಗೆ ಸಿಕ್ಕೇ ಇಲ್ಲ, ರಿಪೋರ್ಟಿನಲ್ಲಿ ಮಾತ್ರ "ಪ್ರತಿಕ್ರಿಯೆ ಇಲ್ಲ, ಸ್ಕಾರ್", ಅಂದರೆ ಸತ್ತ ಸ್ನಾಯು. 250 ಎಂಎಲ್‌ಗೆ ಬೆರೆಸಿ, ಗಂಟೆಗೆ 18 ಎಂಎಲ್ ಆಗುತ್ತದೆ. ಟ್ಯೂಬನ್ನು ಔಷಧಿಯಿಂದಲೇ ತುಂಬಿಸಿ ಆಮೇಲೆ ಜೋಡಿಸಿ. ಬೈಕಾರ್ಬನೇಟ್ ಹೋಗುವ ಲೈನಿಗಂತೂ ಸೇರಿಸಬೇಡಿ.

ಕಾರ್ಡಿಯಾಲಜಿಸ್ಟ್: ಲೈನ್ ಸರಿ, ಓದುವ ಕಣ್ಣೂ ಬೇಕಲ್ಲ? ಗೋಡೆ ಅಲುಗಿತೋ ಇಲ್ಲವೋ ಅನ್ನುವುದಲ್ಲ, ದಪ್ಪಗಾಯಿತೇ ಎಂದು ನೋಡಬೇಕು. ಪಕ್ಕದ ಆರೋಗ್ಯವಂತ ಸ್ನಾಯು ಎಳೆದರೆ ಸತ್ತ ಭಾಗವೂ ಅಲುಗುತ್ತದೆ. 5–10ರಲ್ಲಿ ದಪ್ಪಗಾಗಿ, 20 ದಾಟಿದ ಮೇಲೆ ಮತ್ತೆ ಕುಸಿದರೆ ಅದೇ ಬೈಫೇಸಿಕ್: ಸ್ನಾಯು ಬದುಕಿದೆ, ರಕ್ತ ಸಾಲುತ್ತಿಲ್ಲ. ಕೊನೆತನಕ ಸುಧಾರಿಸುತ್ತಲೇ ಹೋದರೆ ಬಹುಶಃ ಸ್ಟನ್ ಆದದ್ದು, ಅಂದರೆ ರಕ್ತವಿದ್ದರೂ ತಾತ್ಕಾಲಿಕವಾಗಿ ಮಂಕಾದದ್ದು. 10ಕ್ಕೇ ನಿಲ್ಲಿಸುವವರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಡಯಾಸ್ಟೋಲ್ (ಹೃದಯ ಸಡಿಲಗೊಳ್ಳುವ ಹಂತ) ಕೊನೆಯಲ್ಲಿ ಗೋಡೆ 6 ಮಿಮೀಗಿಂತ ತೆಳುವಿದ್ದರೆ ಹೆಚ್ಚು ಆಸೆ ಬೇಡ. ಮೆಟೊಪ್ರೊಲಾಲ್ ಇದ್ದರೆ ಪ್ರತಿಕ್ರಿಯೆ ಮೊಂಡಾಗುತ್ತದೆ, ಅದಕ್ಕೇ 24ರಿಂದ 48 ಗಂಟೆ ಬಿಡಿಸುವ ರೂಢಿ. ಆದರೆ ಇಎಫ್ 30 ಇರುವವರಿಗೆ ಥಟ್ಟನೆ ನಿಲ್ಲಿಸಿದರೆ ಆಂಜೈನಾ (ಎದೆನೋವು), ಅರಿತ್ಮಿಯಾ (ಬಡಿತದ ಏರುಪೇರು) ಮರುಕಳಿಸಬಹುದು. ಮಾತ್ರೆ ನಿಲ್ಲಿಸದೆ ಡೊಬುಟಮಿನ್ ಡೋಸ್ ಏರಿಸಿ ನೋಡುವುದೇ ನನ್ನ ಆಯ್ಕೆ.

ಫಾರ್ಮಕಾಲಜಿ ಮೇಷ್ಟ್ರು: ಯಾಕೆ ಕುಸಿಯುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಬ್ಲಾಕ್ ಆಚೆಗಿನ ಸಣ್ಣ ರಕ್ತನಾಳಗಳು ಮೊದಲೇ ಪೂರ್ತಿ ಹಿಗ್ಗಿರುತ್ತವೆ, ಇನ್ನಷ್ಟು ಹಿಗ್ಗಲು ಜಾಗವಿಲ್ಲ. ಡೊಬುಟಮಿನ್ ಬೀಟಾ-1 ಗ್ರಾಹಕದ ಮೂಲಕ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಏರಿಸಿ ಕ್ಯಾಲ್ಸಿಯಂ ಜೀವಕೋಶದೊಳಗೆ ಬಿಡುತ್ತದೆ. ಆ ಕ್ಯಾಲ್ಸಿಯಂ ವಾಪಸ್ ಪಂಪ್ ಮಾಡಲು ಎಟಿಪಿ (ಜೀವಕೋಶದ ಇಂಧನ) ಬೇಕು, ಅದೇ ಸಾಲದು. ಮೇಲಾಗಿ ಆಮ್ಲತೆ ಮತ್ತು ಫಾಸ್ಫೇಟ್ ಹೆಚ್ಚಿ, ಕ್ಯಾಲ್ಸಿಯಂ ಇದ್ದರೂ ತಂತುಗಳು ಬಿಗಿಯಾಗಿ ಎಳೆಯುವುದಿಲ್ಲ. ಬಡಿತ ಏರಿದಂತೆ ಡಯಾಸ್ಟೋಲ್ ಕುಗ್ಗುತ್ತದೆ, ಎಡಕುಹರಕ್ಕೆ ರಕ್ತ ಸಿಗುವುದು ಮುಖ್ಯವಾಗಿ ಆಗಲೇ. ಒಳಪದರ ಮೊದಲು ಸೋಲುತ್ತದೆ. ಬತ್ತುತ್ತಿರುವ ಬೋರ್‌ವೆಲ್‌ಗೆ ದೊಡ್ಡ ಮೋಟರ್ ಇಳಿಸಿದ ಹಾಗೆ.

ಐಸಿಯು ರಿಜಿಸ್ಟ್ರಾರ್: ಮೇಷ್ಟ್ರೇ, ಹಾಗಾದರೆ ಕಾರ್ಡಿಯೋಜೆನಿಕ್ ಶಾಕ್‌ನಲ್ಲಿ (ಹೃದಯ ಸೋತು ಬಿಪಿ ಕುಸಿದಾಗ) ನಾವೇನು ಕೊಡಬೇಕು, ನೀವು ಬೋರ್ಡ್ ಮೇಲೆ ಬರೆದ ಎಟಿಪಿನಾ? ಬಿಪಿ 70 ಇದ್ದರೆ ಕೊರೊನರಿಗೇ ರಕ್ತ ನುಗ್ಗುವುದಿಲ್ಲ. ಬಿಪಿ ಏರಿಸುವ ಎರಡು ಔಷಧಿಗಳನ್ನು ಹೋಲಿಸಿದ 2010ರ ಸೋಪ್-2 ಅಧ್ಯಯನದಲ್ಲಿ ಅರಿತ್ಮಿಯಾ ಡೋಪಮಿನ್‌ಗೆ ಶೇ. 24.1, ನಾರ್‌ಅಡ್ರಿನಲಿನ್‌ಗೆ 12.4. ಅದಕ್ಕೇ ಮೊದಲು ನಾರ್‌ಅಡ್ರಿನಲಿನ್, ಸಾಲದಿದ್ದರೆ ಡೊಬುಟಮಿನ್ ಸಣ್ಣ ಡೋಸ್. ಹೃದಯಕ್ಕೆ ಬಲ ಕೊಡುವ ಇನ್ನೊಂದು ಔಷಧಿ ಮಿಲ್ರಿನೋನ್ ಮೇಲು ಅನ್ನುವವರು ಎರಡನ್ನೂ ಹೋಲಿಸಿದ 2021ರ ಡೊರೆಮಿ ಅಧ್ಯಯನ ಓದಲಿ, 192 ರೋಗಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಿಡ್ನಿ ಕೆಟ್ಟಿದ್ದರೆ ಮಿಲ್ರಿನೋನ್ ಒಳಗೇ ಕೂತುಬಿಡುತ್ತದೆ. ಡೊಬುಟಮಿನ್ ಅರ್ಧಾಯುಷ್ಯ ಸುಮಾರು 2 ನಿಮಿಷ, ನಿಲ್ಲಿಸಿದರೆ ಹೋಯಿತು.

ಫಾರ್ಮಕಾಲಜಿ ಮೇಷ್ಟ್ರು: ಕೊಡಬೇಡಿ ಅಂದೆನೇ? ಬೆಲೆ ತೆರುವುದು ಸ್ನಾಯು ಅಂದೆ, ಅಷ್ಟೇ.

ಹೃದಯ ಸರ್ಜನ್: ಈ ಟೆಸ್ಟೇ ಯಾಕೆ ಬೇಕು? ಬೈಪಾಸನ್ನು ಬರೀ ಔಷಧಿಗೆ ಹೋಲಿಸಿದ ಸ್ಟಿಚ್‌ನ 2011ರ ಉಪಅಧ್ಯಯನದಲ್ಲಿ ಸ್ನಾಯು ಜೀವಂತ ಇದೆಯೋ ಇಲ್ಲವೋ ಎಂಬುದು ಬೈಪಾಸ್ ಲಾಭವನ್ನು ಬದಲಿಸಲಿಲ್ಲ. ಇಡೀ ಸ್ಟಿಚ್‌ನ ಹತ್ತು ವರ್ಷದ ಲೆಕ್ಕದಲ್ಲಿ ಸಾವು ಆಪರೇಷನ್ ಗುಂಪಿನಲ್ಲಿ ಶೇ. 58.9, ಬರೀ ಔಷಧಿಯಲ್ಲಿ 66.1. ನೀವು ಎಕೋ ಅಂತ ಎರಡು ವಾರ ಕಳೆಯುತ್ತೀರಿ, ಅಷ್ಟರಲ್ಲಿ ರೋಗಿ ಇನ್ನಷ್ಟು ಇಳಿದಿರುತ್ತಾನೆ.

ಕಾರ್ಡಿಯಾಲಜಿಸ್ಟ್: ಸರ್, ಸ್ಟಿಚ್‌ನ 1212 ರೋಗಿಗಳಲ್ಲಿ ಟೆಸ್ಟ್ ಆದದ್ದು 601 ಮಂದಿಗೆ, ಅದೂ ರ‍್ಯಾಂಡಮ್ ಅಲ್ಲ. ಅರ್ಧ ಪತ್ರಿಕೆ ಓದಿ ನಮಗೆ ಬುದ್ಧಿ ಹೇಳಬೇಡಿ.

ಹೃದಯ ಸರ್ಜನ್: ಹಾಗಾದರೆ 2022ರ ರಿವೈವ್ಡ್ ಅಧ್ಯಯನ?

ಕಾರ್ಡಿಯಾಲಜಿಸ್ಟ್: ಅದು ಸ್ಟೆಂಟ್, ಬೈಪಾಸ್ ಅಲ್ಲ! ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಐಸಿಯು ರಿಜಿಸ್ಟ್ರಾರ್: ಜಗಳದ ನಡುವೆ ಡೊಬುಟಮಿನ್ ಪರಿಣಾಮ ತಡೆಯುವ ಎಸ್ಮೊಲಾಲ್ ಮರೆತಿರಿ. ಕೆಜಿಗೆ 0.5 ಮಿಗ್ರಾಂ, ಈ ರೋಗಿಗೆ 30 ಮಿಗ್ರಾಂ, ಸಿರಿಂಜ್‌ನಲ್ಲಿ ಎಳೆದು ಇಟ್ಟುಕೊಂಡಿರಬೇಕು. ವಿಟಿ (ಕುಹರದಿಂದ ಹುಟ್ಟುವ ಅಪಾಯಕಾರಿ ವೇಗದ ಬಡಿತ) ಬಂದರೆ ಪಂಪ್ ನಿಲ್ಲಿಸಿ, ಅದೇ ಕ್ಯಾನುಲಾದಲ್ಲಿ ತಳ್ಳಿ.

ಎಕೋ ಟೆಕ್ನಿಷಿಯನ್: ಅದೇ ಕ್ಯಾನುಲಾದಲ್ಲಾ? ನೀವು ಇಷ್ಟಪಡುವ 50 ಎಂಎಲ್ ಮಿಶ್ರಣದಲ್ಲಿ 1 ಎಂಎಲ್ ಲೈನಿನಲ್ಲಿ ಉಳಿದಿದ್ದರೂ 5 ಮಿಗ್ರಾಂ ಡೊಬುಟಮಿನ್. 40 ಡೋಸ್‌ನಲ್ಲಿ ಎರಡು ನಿಮಿಷಕ್ಕೆ ಹೋಗುವಷ್ಟನ್ನು ಎಸ್ಮೊಲಾಲ್ ಒಂದೇ ತಳ್ಳಿಗೆ ಮುಂದೆ ನೂಕುತ್ತದೆ. ಇನ್ನೊಂದು ಕೈಗೆ ಬೇರೆ ಕ್ಯಾನುಲಾ ಹಾಕಿಸಿ ಸರ್.